"ಇವರ ಅಡಿಕೆ ಯಾಕೋ ಜಾಸ್ತಿ ಕೆಂಪು ಅಲ್ವಾ?" – ಇಂಥ ಮಾತಿಗೆ ಏನಂತ ಕರೀಬೇಕು?

ತೋಟದಮನೆ, ಸಾಗರ · ಭಾನುವಾರ ರಾತ್ರಿ

ನನಗೊಂದು ಪದ ಬೇಕಾಗಿದೆ. ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿದಾಗ ಬರುವ ಕಂದು ರಸ) ಬೇಯಿಸಿ, ಅಂಗಳದ ಅಟ್ಟದ ಮೇಲೆ ಒಣಗಿಸುತ್ತೇವೆ. ಕಳೆದ ಕೊಯ್ಲಿನಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ಒಬ್ಬರು ನಮ್ಮ ಅಟ್ಟದ ಫೋಟೋ ಹಾಕಿದರು. ಕೆಳಗೆ ಒಂದೇ ಸಾಲು: "ಈ ಸಲ ಇವರ ಅಡಿಕೆ ಯಾಕೋ ಜಾಸ್ತಿ ಕೆಂಪು ಅಲ್ವಾ?" ಅಷ್ಟೇ. ಇಬ್ಬರು ನಗುವ ಮುಖ ಹಾಕಿದರು. ಬಣ್ಣ ಹಾಕಿದ್ದಾರೆ ಅಂತ ಯಾರೂ ಬರೆಯಲಿಲ್ಲ.

ಹದಿನೈದು ದಿನ ಬಿಟ್ಟು ಅಪ್ಪಯ್ಯ ಮೂಟೆ ತಗೊಂಡು ಮಂಡಿಗೆ ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿಯ ವ್ಯಾಪಾರಿ ಯಾವಾಗಲೂ ಒಂದು ಹಿಡಿ ತೆಗೆದು, ಅಡಕತ್ತರಿಯಲ್ಲಿ ಎರಡು ಅಡಿಕೆ ಕತ್ತರಿಸಿ ನೋಡಿ ದರ ಹೇಳುವವರು. ಅವತ್ತು ಜೇಬಿನಿಂದ ಬಿಳಿ ಕರ್ಚೀಫು ತೆಗೆದರು. ಅದರ ಮೂಲೆಯನ್ನು ನೀರಿನಲ್ಲಿ ಅದ್ದಿದರು. ಒಂದು ಅಡಿಕೆ ತಿಕ್ಕಿ, ಬಟ್ಟೆಯನ್ನು ಬೆಳಕಿಗೆ ಹಿಡಿದರು. ಇನ್ನೊಂದು ತಿಕ್ಕಿದರು. ಚೊಗರಿನ ಕಂದು ಬಿಟ್ಟರೆ ಬೇರೇನೂ ಹತ್ತಲಿಲ್ಲ. ದರವೂ ಸರಿಯಾಗಿಯೇ ಸಿಕ್ಕಿತು. ಆದರೆ ಅಪ್ಪಯ್ಯ ಮೂವತ್ತು ವರ್ಷದಿಂದ ಅದೇ ಕಡೆ ಅಡಿಕೆ ಹಾಕುತ್ತಿದ್ದಾರೆ. ಅವರೆದುರು ಕರ್ಚೀಫು ಹೊರಗೆ ಬಂದದ್ದು ಅದೇ ಮೊದಲು. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ಇದು ಚಾಡಿಯಾ? ಚಾಡಿ ಒಬ್ಬರ ಕಿವಿಯಲ್ಲಿ ಹೇಳುವಂಥದ್ದು. ಇದು ನೂರಾರು ಜನರ ಎದುರು ಹಾಕಿದ್ದು. ಅಪವಾದವಾ? ಅವರು ಆರೋಪವನ್ನೇ ಮಾಡಿಲ್ಲ. ಸುಳ್ಳಾ? ಅಡಿಕೆ ಕೆಂಪಾಗಿದ್ದಂತೂ ನಿಜ. ಯಾವ ಭಾಷೆಯಲ್ಲಾದರೂ ಸರಿ, ಇದಕ್ಕೊಂದು ಹೆಸರು ಇದೆಯಾ? ಗುಂಪಿಗೆ ನಾವೂ ನಾಲ್ಕು ಸಾಲು ಬರೆಯಬೇಕು ಅಂತಿದ್ದೇವೆ. ಏನು ನಡೆಯಿತು ಅಂತ ಹೇಳಲು ಸರಿಯಾದ ಪದವೇ ಸಿಗುತ್ತಿಲ್ಲ.

ತೀರ್ಥಹಳ್ಳಿ ಮೇಷ್ಟ್ರು · ಭಾನುವಾರ ರಾತ್ರಿ

ತಂಗೀ, ಕರ್ಚೀಫಿನ ವಿಷಯ ಓದಿ ಹೊಟ್ಟೆ ಚುರ್ ಅಂದಿತು. ನಿಮ್ಮ ತಂದೆಗೆ ನನ್ನ ನಮಸ್ಕಾರ ಹೇಳು.

ಕನ್ನಡದಲ್ಲಿ ಈ ಜಾತಿಯ ಪದಗಳಿಗೆ ಬರ ಇಲ್ಲ. ಚಾಡಿ ಬಗ್ಗೆ ನೀನು ಹೇಳಿದ್ದು ಸರಿ. ಅದಕ್ಕೆ ಮೂರು ಜನ ಬೇಕು: ಹೇಳುವವರು, ಕೇಳುವವರು, ಅಲ್ಲಿ ಇಲ್ಲದವರು. ಚಾಡಿ ನಿಜವೂ ಇರಬಹುದು. "ಮೇಷ್ಟ್ರೇ, ಇವ್ನು ಹೋಂವರ್ಕ್ ಮಾಡಿಲ್ಲ" ಅಂತ ನನ್ನ ಹತ್ತಿರ ಹೇಳುತ್ತಿದ್ದ ಮಕ್ಕಳು ಸುಳ್ಳು ಹೇಳುತ್ತಿರಲಿಲ್ಲ. ಆದರೂ ಅದು ಚಾಡಿಯೇ. ಗುಲ್ಲಿಗೆ ಹೇಳಿದವರು ಯಾರು ಅಂತಲೇ ಇರುವುದಿಲ್ಲ, ಊರೇ ಹೇಳುತ್ತಿರುತ್ತದೆ. ಅಪವಾದ ಅಂದರೆ ಮಾಡದ ತಪ್ಪು ತಲೆಗೆ ಬರುವುದು. ಚೌತಿ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದೆ ಅಂತ ಅಂಗಳಕ್ಕೇ ಬಿಡುತ್ತಿರಲಿಲ್ಲ ಅಲ್ವಾ? ಶ್ಯಮಂತಕ ಮಣಿಗಾಗಿ ಪ್ರಸೇನನನ್ನು ಕೊಂದ ಅಂತ ಕೃಷ್ಣನ ಮೇಲೆ ಬಂದದ್ದು ಅದೇ. ಕೊಂದದ್ದು ಸಿಂಹ. ಆ ಸಿಂಹವನ್ನು ಕೊಂದದ್ದು ಜಾಂಬವಂತ. ಅದನ್ನು ತೋರಿಸಲು ಕೃಷ್ಣನೇ ಕಾಡಿಗೆ ಹೋಗಿ ಗುಹೆ ಹುಡುಕಬೇಕಾಯಿತು. ಈ ಕತೆಯಲ್ಲಿ ನನಗೆ ಯಾವಾಗಲೂ ತಟ್ಟುವುದು ಅದೇ. ಮಾತು ಆಡಿದವರು ಮನೆಯಲ್ಲೇ ಇದ್ದರು, ಹುಡುಕಿಕೊಂಡು ಹೋದದ್ದು ಮಾತು ಹೊತ್ತವನು.

ಹಳಗನ್ನಡದಲ್ಲಿ ಕೊಂಡೆ, ಕೊಂಡೆಯ ಅಂತ ಒಂದು ಪದ ಇದೆ. ಚಾಡಿಗಿಂತ ಒಂದು ಕೈ ಮೇಲು. ಬಿಜ್ಜಳನ ಆಸ್ಥಾನದಲ್ಲಿ ಬಸವಣ್ಣನವರ ಮೇಲೆ ಇಲ್ಲಸಲ್ಲದ್ದು ಹೇಳಿದವನನ್ನು ಕೊಂಡೆಯ ಮಂಚಣ್ಣ ಅಂತಲೇ ಕರೆಯುತ್ತಾರೆ. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಅಂತ ಅವನ ದೂರು. ಎಂಟುನೂರು ವರ್ಷ ಕಳೆದರೂ ಆ ಮನುಷ್ಯನ ಹೆಸರಿಗೆ ಅಂಟಿದ್ದು ಬಿಟ್ಟಿಲ್ಲ.

ನೀನು ಹೇಳಿದ ಸಾಲಿಗೆ ಹತ್ತಿರದ್ದು ಕೊಂಕು ಮಾತು ಅನ್ನಿಸುತ್ತದೆ. ನೇರ ಇಲ್ಲದ, ಬಾಗಿದ ಮಾತು. ಆದರೆ ಕೊಂಕಿನಲ್ಲಿ ಹಂಗಿಸುವುದು ಜಾಸ್ತಿ. ಇನ್ನೊಬ್ಬರ ವ್ಯಾಪಾರಕ್ಕೆ ಕಲ್ಲು ಹಾಕುವಷ್ಟು ತೂಕ ಆ ಪದಕ್ಕಿಲ್ಲ.

ರಿಪ್ಪನ್‌ಪೇಟೆ 77 · ಭಾನುವಾರ ರಾತ್ರಿ

ಬೇಜಾರು ಮಾಡ್ಕೋಬೇಡಿ, ನನಗೆ ಅನ್ನಿಸಿದ್ದು ಹೇಳುತ್ತೇನೆ. ಕಂಡದ್ದನ್ನು ಕೇಳಿದರೆ ಅದು ಹೇಗೆ ತಪ್ಪಾಗುತ್ತದೆ? ಬಣ್ಣ ಹಾಕುವವರು ನಾಲ್ಕು ಜನ ಇದ್ದರೂ ಇಡೀ ಮಲೆನಾಡಿನ ಅಡಿಕೆಗೆ ಪೆಟ್ಟು. ಯಾರೂ ಪ್ರಶ್ನೆ ಕೇಳಬಾರದು ಅಂದರೆ ಕಷ್ಟ. ನಿಜ ಇದ್ದರೆ ನಿಂದೆ ಅಲ್ಲ, ಸುಳ್ಳಿದ್ದರೆ ಮಾತ್ರ ನಿಂದೆ. ಇದು ನನ್ನ ಲೆಕ್ಕ.

ಗಾಂಧಿಬಜಾರ್ ಅಂಗಡಿ, ಶಿವಮೊಗ್ಗ · ಸೋಮವಾರ ಬೆಳಗ್ಗೆ

ರಿಪ್ಪನ್‌ಪೇಟೆ ಭಾಯಿ, ನೀವು ಕೇಳಿದ್ದನ್ನೇ ಪ್ರವಾದಿಯವರ ಹತ್ತಿರವೂ ಕೇಳಿದ್ದರಂತೆ. ನಮ್ಮ ಮನೆಮಾತು ಉರ್ದು. ಚಿಕ್ಕಂದಿನಲ್ಲಿ ಮದ್ರಸಾದಲ್ಲಿ ಕಲಿತದ್ದು ನೆನಪಿದೆ. ಎದುರಿಗೆ ಇಲ್ಲದವರ ಬಗ್ಗೆ, ಅವರಿಗೆ ಇಷ್ಟವಾಗದ ಮಾತು ಆಡಿದರೆ ಅದು ಗೀಬತ್. "ಹೇಳಿದ್ದು ನಿಜವಾಗಿದ್ದರೆ?" ಅಂತ ಕೇಳಿದರು. ನಿಜವಾಗಿದ್ದರೇ ಗೀಬತ್, ಸುಳ್ಳಾಗಿದ್ದರೆ ಅದು ಬೊಹ್ತಾನ್ ಅಂತ ಉತ್ತರ. ಅಂದರೆ ನಿಜಕ್ಕೂ ಒಂದು ಹೆಸರು ಇದೆ, ಸುಳ್ಳಿಗೆ ಬೇರೆ ಹೆಸರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿ ಜಗಳ ಹಚ್ಚುವುದಕ್ಕೆ ಮೂರನೇದು: ನಮೀಮಾ. ಮಾತಿನಲ್ಲಿ ನಾವು ಚುಗ್ಲಿ ಅಂತೇವೆ.

ಕುರ್‌ಆನ್‌ನ 49ನೇ ಅಧ್ಯಾಯದ 12ನೇ ವಾಕ್ಯದಲ್ಲಿ ಗೀಬತ್ತನ್ನು ಸತ್ತ ಅಣ್ಣತಮ್ಮನ ಮಾಂಸ ತಿನ್ನುವುದಕ್ಕೆ ಹೋಲಿಸಿದೆ. ಸತ್ತವನು ಯಾಕೆ? ಅಲ್ಲಿ ಇಲ್ಲದವನು ತಿರುಗಿ ಮಾತಾಡಲಾರ, ಅದಕ್ಕೆ. ನಮ್ಮ ಅಬ್ಬಾ ಹಾಗೆ ಬಿಡಿಸಿ ಹೇಳುತ್ತಿದ್ದರು. ಅಂಗಡಿಯಲ್ಲಿ ಯಾರಾದರೂ ಮೂರನೆಯವರ ಮಾತು ತೆಗೆದರೆ ಅಬ್ಬಾ ತಕ್ಕಡಿ ಒರೆಸೋಕೆ ಶುರು ಮಾಡುತ್ತಿದ್ದರು. ಬಂದವರು ಎರಡು ನಿಮಿಷದಲ್ಲಿ ಸುಮ್ಮನಾಗುತ್ತಿದ್ದರು.

ಉಂಬ್ಳೇಬೈಲು ರಸ್ತೆ · ಸೋಮವಾರ ಬೆಳಗ್ಗೆ

ಮಾಂಸದ ವಿಷಯ ಬಂತಲ್ಲ, ಸಂಸ್ಕೃತದಲ್ಲೂ ಅದೇ ಇದೆ! ಪೃಷ್ಠಮಾಂಸ ಅಂದರೆ ಬೆನ್ನಿನ ಮಾಂಸ. ಅದನ್ನು ತಿನ್ನುವುದು ಅಂದರೆ ಹಿಂದಿನಿಂದ ದೂಷಿಸುವುದು. ಹಿತೋಪದೇಶದಲ್ಲಿ ಸೊಳ್ಳೆಯ ಶ್ಲೋಕ ಒಂದಿದೆ. ಮೊದಲು ಕಾಲಿಗೆ ಬೀಳುತ್ತದೆ, ಆಮೇಲೆ ಬೆನ್ನಿನ ಮಾಂಸ ತಿನ್ನುತ್ತದೆ, ಕಿವಿಯ ಹತ್ತಿರ ಬಂದು ಮೆಲ್ಲಗೆ ಏನೋ ಹಾಡುತ್ತದೆ, ಒಂದು ತೂತು ಕಂಡರೆ ಸಾಕು, ಹೆದರದೆ ಒಳಗೆ ನುಗ್ಗುತ್ತದೆ. ದುಷ್ಟ ಮಾಡುವುದನ್ನೆಲ್ಲ ಸೊಳ್ಳೆಯೂ ಮಾಡುತ್ತದೆ ಅಂತ ಮುಗಿಯುತ್ತದೆ. ಮಳೆಗಾಲದ ನಮ್ಮ ಮನೆಗಳಲ್ಲಿ ಮಲಗಿದವರಿಗೆ ಈ ಶ್ಲೋಕಕ್ಕೆ ಅರ್ಥ ಹೇಳಿಕೊಡಬೇಕಾಗಿಲ್ಲ.

ಇಂಗ್ಲಿಷಿನ ಬ್ಯಾಕ್‌ಬೈಟ್ ಪದದಲ್ಲೂ ಬೆನ್ನು ಮತ್ತು ಹಲ್ಲು. ಮೂರು ಭಾಷೆ, ಮೂರು ದೇಶ. ಎಲ್ಲರಿಗೂ ಹೊಳೆದದ್ದು ತಿನ್ನುವುದೇ.

ತೀರ್ಥಹಳ್ಳಿ ಮೇಷ್ಟ್ರು · ಸೋಮವಾರ ಬೆಳಗ್ಗೆ

ಕನ್ನಡವನ್ನೂ ಆ ಸಾಲಿಗೆ ಸೇರಿಸಿ. ಚಾಡಿಕೋರ, ಲಂಚಕೋರ ಅಂತೇವಲ್ಲ, ಆ "ಕೋರ" ಪಾರ್ಸಿಯ "ಖೋರ್". ತಿನ್ನುವವನು ಅಂತ ಅರ್ಥ. ಗಾಂಧಿಬಜಾರಿನವರ ಚುಗಲ್‌ಖೋರ್ ಮತ್ತು ನಮ್ಮ ಚಾಡಿಕೋರ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರು. ಚಾಡಿ ಪದ ಕೂಡ ನಮ್ಮೊಬ್ಬರದೇ ಅಲ್ಲ. ಮರಾಠಿಯಲ್ಲಿ ಚಹಾಡಿ, ತೆಲುಗಿನಲ್ಲಿ ಚಾಡೀಲು, ಕೊಂಕಣಿಯಲ್ಲೂ ಚಾಡಿ.

ಪೇಪರ್‌ಟೌನ್, ಭದ್ರಾವತಿ · ಸೋಮವಾರ ಮಧ್ಯಾಹ್ನ

ನಮ್ಮ ತಾತ ಕಾರ್ಖಾನೆ ಕೆಲಸಕ್ಕೆ ಅಂತ ತಮಿಳುನಾಡಿನಿಂದ ಬಂದವರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ತಮಿಳಿನಲ್ಲಿ ಇದಕ್ಕೆ ಪುರಂಕೂರುದಲ್ ಅಂತಾರೆ. ತಿರುಕ್ಕುರಳಿನ 19ನೇ ಅಧಿಕಾರದ ಹೆಸರೇ ಪುರಂಕೂರಾಮೈ, ಹಿಂದಿನಿಂದ ಆಡದಿರುವುದು. ಪುರಂ ಅಂದರೆ ಹೊರಗೆ, ಹಿಂಬದಿ. ಕನ್ನಡದ "ಹೊರ" ಅದೇ ಪದ.

ಅದಕ್ಕಿಂತ ನನಗೆ ಇಷ್ಟವಾಗುವ ಪದ ಇನ್ನೊಂದಿದೆ: ತೂಟ್ರು. ಅದಕ್ಕೆ ಎರಡು ಅರ್ಥ. ಒಂದು, ಭತ್ತ ತೂರುವುದು. ಇನ್ನೊಂದು, ಒಬ್ಬರ ಮೇಲೆ ಕೆಟ್ಟ ಮಾತು ಹರಡುವುದು. ಕಣದಲ್ಲಿ ಮೊರ ಎತ್ತಿ ಹಿಡಿದು ಗಾಳಿಗೆ ಬಿಟ್ಟರೆ ಜೊಳ್ಳು ಎಲ್ಲಿಗೆ ಹೋಗಿ ಬೀಳುತ್ತದೆ ಅಂತ ಯಾರಿಗೆ ಗೊತ್ತು? ಪಕ್ಕದ ಮನೆಯ ಬಾವಿಗೂ ಬೀಳುತ್ತದೆ. ವಾಟ್ಸಾಪ್ ಅಂದರೆ ನನಗೆ ಈಗ ಮೊರವೇ ಕಣ್ಣಿಗೆ ಬರುತ್ತದೆ.

ತೀರ್ಥಹಳ್ಳಿ ಮೇಷ್ಟ್ರು · ಸೋಮವಾರ ಮಧ್ಯಾಹ್ನ

ಭದ್ರಾವತಿಯವರೇ, ಇದು ನನಗೆ ಹೊಳೆದೇ ಇರಲಿಲ್ಲ. ನಲವತ್ತು ವರ್ಷ ಪಾಠ ಮಾಡಿದ್ದೇನೆ. "ಮಾನ ಮರ್ಯಾದೆ ಗಾಳಿಗೆ ತೂರಿದ" ಅಂತ ಎಷ್ಟು ಸಲ ಹೇಳಿರಬೇಕು! ಪದದ ಒಳಗೆ ಕಣ, ಮೊರ, ಗಾಳಿ ಎಲ್ಲ ಇತ್ತು. ನೋಡಿರಲಿಲ್ಲ.

ಕೊಪ್ಪದವಳು, ಈಗ ಜರ್ಮನಿ · ಸೋಮವಾರ ರಾತ್ರಿ

ಇಲ್ಲಿಯ ಪೇಪರಿನಲ್ಲಿ ಮೊದಲ ಸಲ "ರೂಫ್‌ಮೋರ್ಡ್" ಅನ್ನುವ ಪದ ಓದಿದಾಗ ಮೈ ಜುಂ ಅಂದಿತ್ತು. ರೂಫ್ ಅಂದರೆ ಹೆಸರು, ಕೀರ್ತಿ. ಮೋರ್ಡ್ ಅಂದರೆ ಕೊಲೆ. ಕೂಡಲೇ ತೇಜೋವಧೆ ನೆನಪಾಯಿತು. ಒಂದಕ್ಕೊಂದು ಎಷ್ಟು ಹತ್ತಿರ! ನಮ್ಮಲ್ಲಿ ಅದು ರಾಜಕಾರಣಿಗಳ ಬಾಯಲ್ಲಿ ಸವೆದು ಹೋಗಿದೆ. ಆದರೆ ಪದ ಮಹಾಭಾರತದ್ದು. ಕರ್ಣನ ತೇಜೋವಧೆ ಮಾಡು ಅಂತ ಶಲ್ಯನನ್ನು ಕೇಳಿಕೊಳ್ಳುವವನು ಧರ್ಮರಾಯ. ಶಲ್ಯ ರಥದಲ್ಲಿ ಮುಂದೆ ಕೂತು, ಹಗ್ಗ ಹಿಡಿದುಕೊಂಡೇ ಕರ್ಣನನ್ನು ಕುಗ್ಗಿಸುತ್ತಾನೆ. ನಮ್ಮೂರಿನ ತಾಳಮದ್ದಳೆಯಲ್ಲಿ ಶಲ್ಯನ ಅರ್ಥ ಹೇಳುವವರಿಗೆ ಅದಕ್ಕೇ ಅಷ್ಟು ಬೇಡಿಕೆ. ಒಂದು ಬಾಣವೂ ಇಲ್ಲ, ಬರೀ ಮಾತು.

ಜರ್ಮನ್ ಕಾನೂನಿನಲ್ಲೂ ಎರಡು ಬೇರೆ ಪದ. ಸುಳ್ಳು ಅಂತ ಗೊತ್ತಿದ್ದೂ ಹೇಳಿದರೆ ಫರ್‌ಲೊಯಿಮ್‌ಡುಂಗ್. ನಿಜ ಅಂತ ತೋರಿಸಲಾಗದ ಕೆಟ್ಟ ಮಾತು ಹಬ್ಬಿಸಿದರೆ ಅದಕ್ಕೆ ಬೇರೆ ಹೆಸರು, ಶಿಕ್ಷೆ ಸ್ವಲ್ಪ ಕಮ್ಮಿ. ನನ್ನ ಜೊತೆ ಕೆಲಸ ಮಾಡುವ ಯಹೂದಿ ಗೆಳತಿಯ ಹತ್ತಿರವೂ ಕೇಳಿದೆ. ಹೀಬ್ರೂವಿನಲ್ಲಿ ಲಶೋನ್ ಹರಾ, ಕೆಟ್ಟ ನಾಲಿಗೆ. ಅದು ನಿಜವನ್ನೇ ಹೇಳಿ ನೋಯಿಸುವುದು. ಸುಳ್ಳಾಗಿದ್ದರೆ ಮೋತ್ಸಿ ಶೇಮ್ ರಾ, ಕೆಟ್ಟ ಹೆಸರು ಹೊರಡಿಸುವುದು. ಆ ನಾಲಿಗೆ ಮೂವರನ್ನು ಕೊಲ್ಲುತ್ತದೆ ಅಂತ ಅವರ ಧರ್ಮಗ್ರಂಥ ತಾಲ್ಮುಡ್ ಹೇಳುತ್ತದಂತೆ: ಆಡಿದವರನ್ನು, ಕೇಳಿದವರನ್ನು, ಯಾರ ಬಗ್ಗೆ ಆಡಿದರೋ ಅವರನ್ನು.

ಕೇಳಿದವರನ್ನೂ! ಅದಕ್ಕೆ ಕನ್ನಡದಲ್ಲಿ ಎಷ್ಟು ಒಳ್ಳೆಯ ಮಾತಿದೆ ನೋಡಿ: ಹಿತ್ತಾಳೆ ಕಿವಿ. ಹೇಳುವವರಿಗೆ ಎಲ್ಲ ಭಾಷೆಯಲ್ಲೂ ಬೈಗುಳ ಇದೆ. ಹೇಳಿದ್ದನ್ನೆಲ್ಲ ನಂಬುವ ಕಿವಿಯನ್ನು ಹೀಗೆ ಬೊಟ್ಟು ಮಾಡಿ ತೋರಿಸುವ ಮಾತು ಜರ್ಮನ್‌ನಲ್ಲಿ ನನಗಿನ್ನೂ ಸಿಕ್ಕಿಲ್ಲ.

ರಿಪ್ಪನ್‌ಪೇಟೆ 77 · ಸೋಮವಾರ ರಾತ್ರಿ

ಸರಿ, ನಿಜ ಹೇಳಿಯೂ ನೋಯಿಸಬಹುದು. ಒಪ್ಪಿದೆ. ಆದರೆ ಅಕ್ಕ, ಒಬ್ಬ ನಿಜವಾಗಿಯೂ ಕಲಬೆರಕೆ ಮಾಡುತ್ತಿದ್ದರೆ? ಗೀಬತ್ ಆಗುತ್ತದೆ ಅಂತ ಬಾಯಿ ಮುಚ್ಚಿಕೊಂಡು ಕೂರಬೇಕಾ? ಇದಕ್ಕೆ ಉತ್ತರ ಬೇಕು.

ಕೋರ್ಟ್ ಕೆಲಸದವ, ಶಿವಮೊಗ್ಗ · ಮಂಗಳವಾರ ಬೆಳಗ್ಗೆ

ಕಾನೂನಿನ ಕಡೆಯಿಂದ ನಾನು ಹೇಳುತ್ತೇನೆ. ಮಾನಹಾನಿ 1860ರ ಭಾರತೀಯ ದಂಡ ಸಂಹಿತೆಯಲ್ಲಿ 499ನೇ ಕಲಮು ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು. ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಇಂಗ್ಲೆಂಡಿನಲ್ಲಿ ಬರೆದದ್ದಕ್ಕೆ ಲೈಬೆಲ್, ಬಾಯಲ್ಲಿ ಆಡಿದ್ದಕ್ಕೆ ಸ್ಲ್ಯಾಂಡರ್ ಅಂತ ಬೇರೆ ಬೇರೆ. ನಮ್ಮ ದಂಡ ಕಾನೂನಿನಲ್ಲಿ ಆ ಭೇದ ಇಲ್ಲ. ಆಡಿದರೂ, ಬರೆದರೂ, ಸನ್ನೆ ಮಾಡಿದರೂ ಒಂದೇ.

ರಿಪ್ಪನ್‌ಪೇಟೆಯವರ ಪ್ರಶ್ನೆ ಒಳ್ಳೆಯದು. ಈ ಕಲಮಿಗೆ ಹತ್ತು ವಿನಾಯಿತಿ ಇವೆ. ಮೊದಲನೆಯದೇ ನಿಜದ್ದು. ಆದರೆ ನಿಜ ಆಗಿದ್ದರಷ್ಟೇ ಸಾಲದು, ಅದನ್ನು ಹೇಳಿದ್ದರಿಂದ ಸಾರ್ವಜನಿಕರಿಗೆ ಒಳ್ಳೆಯದೂ ಆಗಬೇಕು. ಕಲಬೆರಕೆ ಕಂಡರೆ ಸಂಬಂಧಪಟ್ಟ ಅಧಿಕಾರಿಗೆ ಪ್ರಾಮಾಣಿಕವಾಗಿ ದೂರು ಕೊಡುವುದಕ್ಕೂ ಬೇರೆ ವಿನಾಯಿತಿ ಇದೆ. ಅಂದರೆ ಬಾಯಿ ಮುಚ್ಚಿಕೊಂಡು ಕೂರಬೇಕಾಗಿಲ್ಲ. ಎಲ್ಲಿ ಹೇಳಬೇಕೋ ಅಲ್ಲಿ ಹೇಳಬೇಕು.

ಇನ್ನು ತೋಟದಮನೆಯವರ ಪ್ರಶ್ನೆ. "ಅವರು ಆರೋಪವನ್ನೇ ಮಾಡಿಲ್ಲ" ಅಂದಿರಿ. ಕಾನೂನು ಬರೆದವರಿಗೆ ಅದೂ ಗೊತ್ತಿತ್ತು. ಕಲಮಿನ ಜೊತೆಗೇ ಉದಾಹರಣೆ ಇದೆ. ಗಡಿಯಾರ ಕಳುವಾಗಿದೆ. ಒಬ್ಬ ಹೇಳುತ್ತಾನೆ, "ಅವನು ಪ್ರಾಮಾಣಿಕ, ಅವನಂತೂ ಗಡಿಯಾರ ಕದ್ದಿಲ್ಲ." ಅವನೇ ಕದ್ದ ಅಂತ ಜನ ನಂಬಲಿ ಅನ್ನುವ ಉದ್ದೇಶದಿಂದ ಹೀಗೆ ಹೇಳಿದರೆ ಅದು ಮಾನಹಾನಿ. ಇನ್ನೊಂದು ಉದಾಹರಣೆಯಲ್ಲಿ ಮಾತೇ ಇಲ್ಲ. ಕದ್ದವರು ಯಾರು ಅಂತ ಕೇಳಿದಾಗ ಸುಮ್ಮನೆ ಒಬ್ಬನ ಕಡೆ ಬೆರಳು ತೋರಿಸುತ್ತಾನೆ. ಅದೂ ಅಷ್ಟೇ. ನಿಮ್ಮ ಫೋಟೋ ಮತ್ತು "ಅಲ್ವಾ" ಆ ಬೆರಳಿನ ಜಾತಿಯದು. ಆದರೆ ಉದ್ದೇಶ ಏನಿತ್ತು ಅನ್ನುವುದರ ಮೇಲೇ ಎಲ್ಲ ನಿಂತಿರುತ್ತದೆ. ಹಾಗಾಗಿ ಕೇಸು ಹಾಕಿ ಅಂತ ನಾನು ಹೇಳುತ್ತಿಲ್ಲ.

ಇದೇ ಕಲಮಿನಲ್ಲಿ ಒಬ್ಬರ ಕಸುಬಿನ ಹೆಸರು ಕೆಡಿಸುವುದು, ಪತ್ತು ಕಳೆಯುವುದೂ ಬರುತ್ತದೆ. ಪತ್ತು ಪದ ಈಗ ಬೋರ್ಡಿನ ಮೇಲೆ ಮಾತ್ರ ಉಳಿದಿದೆ, ಪತ್ತಿನ ಸಹಕಾರ ಸಂಘ ಅಂತ. ಅದು ಸಾಲ ಅಲ್ಲ, ನಂಬಿಕೆ. ಕರ್ಚೀಫು ಮುಟ್ಟಿದ್ದು ಅದನ್ನೇ.

ಹೊಸನಗರ ಅಕ್ಕ · ಮಂಗಳವಾರ ಮಧ್ಯಾಹ್ನ

ಎಲ್ಲರೂ ದೊಡ್ಡ ದೊಡ್ಡ ಪದ ಹೇಳಿದ್ದೀರಿ. ನಮ್ಮ ಕೇರಿಯಲ್ಲಿ ದಿನಾ ಓಡಾಡುವ ಪದ ಯಾರೂ ಹೇಳಲಿಲ್ಲ. ಆಡಿಕೊಳ್ಳುವುದು. "ಜನ ಆಡ್ಕೊಳ್ತಾರೆ." ಆಡು ಅಂದರೆ ಮಾತಾಡು. ಅದಕ್ಕೆ "ಕೊಳ್ಳು" ಸೇರಿದರೆ ತಮಗೋಸ್ಕರ ಆಡುವುದು. ಬೇಯಿಸಿಕೊಂಡರು, ಹೊದ್ದುಕೊಂಡರು ಅಂದ ಹಾಗೆ. ಬೇರೆಯವರ ಬದುಕನ್ನು ತಮ್ಮ ಸಂತೋಷಕ್ಕೆ ಆಡುವುದು. ಇಷ್ಟು ಸರಿಯಾದ ಪದ ಬೇರೆ ಯಾವ ಭಾಷೆಯಲ್ಲಿ ಇದೆಯೋ ನಾ ಕಾಣೆ.

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ ಅಂತ ಗಾದೆ ಇದೆಯಲ್ಲ, ಅದನ್ನು ನನ್ನ ಮಗಳಿಗೆ ಹೇಳಿದೆ. ಅವಳು ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದಾಳೆ. ಸ್ಕ್ಯಾಂಡಲ್, ಸ್ಲ್ಯಾಂಡರ್ ಎರಡೂ ಒಂದೇ ಬೇರಿನಿಂದ ಬಂದವು ಅಂದಳು. ಗ್ರೀಕಿನ ಸ್ಕಾಂಡಲೋನ್, ಅಂದರೆ ಬಲೆ, ಎಡವಿಸುವ ಅಡ್ಡಿ. ಅವರಿಗೂ ನಮಗೂ ಎಡವುವುದೇ ಕಂಡಿದೆ. ಗ್ರೀಕಿನಲ್ಲಿ ಡಿಯಾಬೊಲೋಸ್ ಅಂದರೆ ಇಲ್ಲದ್ದನ್ನು ಹೇಳಿ ದೂಷಿಸುವವನು, ಇಂಗ್ಲಿಷಿನ ಡೆವಿಲ್ ಅದರಿಂದಲೇ ಬಂದದ್ದು ಅಂತಲೂ ಹೇಳಿದಳು.

ಇನ್ನೊಂದು ಮಾತು. ಗಂಡಸರ ಅಡಿಕೆಗೆ ಮಾತು ಬಂದರೆ ಕರ್ಚೀಫು ಇದೆ, ತಿಕ್ಕಿ ನೋಡಬಹುದು. ಹೆಣ್ಣುಮಕ್ಕಳ ಹೆಸರಿಗೆ ಮಾತು ಬಂದರೆ ತಿಕ್ಕಿ ನೋಡುವ ಬಟ್ಟೆ ಇಲ್ಲ. ನಮ್ಮ ಪೈಕಿ ಒಬ್ಬಳಿಗೆ ಕೂಡಿಬಂದ ಸಂಬಂಧ ಒಂದು ಫೋನಿನಿಂದ ತಪ್ಪಿತು. ಫೋನ್ ಮಾಡಿದವರು ಹೇಳಿದ್ದು ಇಷ್ಟೇ ಅಂತೆ: "ಹುಡುಗಿ ಒಳ್ಳೇವ್ಳೇ, ಆದ್ರೆ ನೀವು ಒಂದ್ಸಲ ವಿಚಾರಿಸ್ಕೊಳ್ಳಿ." ಇದರಲ್ಲಿ ಯಾವ ಪದ ಸುಳ್ಳು ಹೇಳಿ? ನಮ್ಮ ಜಿಲ್ಲೆಯಲ್ಲೇ ಇರುವ ಉಡುತಡಿಯ ಅಕ್ಕಮಹಾದೇವಿ, ಸಂತೆಯಲ್ಲಿ ಮನೆ ಮಾಡಿ ಸದ್ದಿಗೆ ನಾಚಿದರೆ ಹೇಗೆ, ಸ್ತುತಿ ನಿಂದೆ ಬಂದರೆ ಸಮಾಧಾನದಿಂದ ಇರಬೇಕು ಅಂದಳು. ಅವಳು ಅದನ್ನು ದಾಟಿದವಳು. ಇಪ್ಪತ್ತೆರಡು ವರ್ಷದ ಹುಡುಗಿಗೆ ಹಾಗೆ ಇರು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ರಿಪ್ಪನ್‌ಪೇಟೆ 77 · ಮಂಗಳವಾರ ಸಂಜೆ

ಹೊಸನಗರದ ಅಕ್ಕ, ಆ ಫೋನಿನ ಮಾತು ಓದಿದ ಮೇಲೆ ನನ್ನ ಲೆಕ್ಕ ತಪ್ಪು ಅಂತ ಗೊತ್ತಾಯಿತು. ನಿಜ, ಸುಳ್ಳು ಅನ್ನುವ ಎರಡೇ ಗೂಡಿನಲ್ಲಿ ಇದನ್ನು ಇಡಲು ಆಗುವುದಿಲ್ಲ. ತೋಟದಮನೆಯವರೇ, ಆ ಗುಂಪಿನಲ್ಲಿ ನಾನಿದ್ದಿದ್ದರೆ ನಾನೂ ನಗುವ ಮುಖ ಹಾಕುತ್ತಿದ್ದೆನೋ ಏನೋ. ಅದಕ್ಕೇ ಬರೆಯುತ್ತಿದ್ದೇನೆ. ಕ್ಷಮಿಸಿ.

ತೋಟದಮನೆ, ಸಾಗರ · ಬುಧವಾರ ರಾತ್ರಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ರಿಪ್ಪನ್‌ಪೇಟೆ ಅಣ್ಣ, ನೀವು ಕ್ಷಮೆ ಕೇಳುವ ತಪ್ಪು ಏನೂ ಮಾಡಿಲ್ಲ. ನೀವು ಕೇಳಿದ್ದರಿಂದಲೇ ಅರ್ಧ ವಿಷಯ ಹೊರಗೆ ಬಂತು.

ನಿನ್ನೆ ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಅಪ್ಪಯ್ಯನಿಗೆ ಓದಿ ಹೇಳಿದೆ. ಸೊಳ್ಳೆಯ ಶ್ಲೋಕವನ್ನು ಎರಡು ಸಲ ಓದಿಸಿಕೊಂಡರು. ಗಡಿಯಾರದ ಉದಾಹರಣೆಗೆ "ಹೌದು, ಹೌದು, ಅದೇ" ಅಂದರು. ಆಮೇಲೆ ನಾನು ಗುಂಪಿಗೆ ಹಾಕಲು ಬರೆದಿಟ್ಟುಕೊಂಡಿದ್ದನ್ನು ತೋರಿಸಿದೆ. ಅದರಲ್ಲಿ "ಇದರಿಂದ ನಮಗೆ ಮಾನಹಾನಿಯಾಗಿದೆ" ಅಂತ ಇತ್ತು.

ಅಪ್ಪಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. "ಮಾನಹಾನಿ ತೆಗಿ. ಅದನ್ನ ಓದಿದ್ರೆ ಅವ್ನು ಕೋರ್ಟಿಗೇ ಹೋಗ್ತಾರೆ ಅಂದ್ಕೊಳ್ತಾನೆ. ನಮ್ಮ ಅಡಿಕೆ ಮೇಲೆ ಮಾತು ಬಂತು ಅಂತ ಬರಿ" ಅಂದರು.

ಮಾತು ಬಂತು. ಮೇಷ್ಟ್ರೇ, ಇದೂ ಒಂದು ಪದ ಅಂತ ಸೇರಿಸಿಕೊಳ್ಳಿ. ಯಾರು ಆಡಿದರು ಅಂತ ಅದರಲ್ಲಿ ಇಲ್ಲ. ಮಳೆ ಬಂತು ಅಂದ ಹಾಗೆ. ಅಷ್ಟು ಮೆತ್ತಗೆ ಯಾಕೆ ಅಂತ ನನಗೆ ಸಿಟ್ಟೇ ಬಂದಿತ್ತು. "ಅವ್ನ ಮನೆ ಅಡಿಕೆಯನ್ನ ನಾವು ಸುಲಿದುಕೊಟ್ಟಿದ್ದೇವೆ, ನಮ್ಮದನ್ನ ಅವ್ರು ಸುಲಿದುಕೊಟ್ಟಿದ್ದಾರೆ. ವಾಪಸ್ ಬರೋಕೆ ದಾರಿ ಬಿಡಬೇಕು" ಅಂದರು ಅಷ್ಟೇ.

ಕಡೆಗೆ ಹೀಗೆ ಬರೆದೆವು: "ಹೋದ ಕೊಯ್ಲಿನಲ್ಲಿ ನಮ್ಮ ಅಡಿಕೆಯ ಬಣ್ಣದ ಬಗ್ಗೆ ಗುಂಪಿನಲ್ಲಿ ಮಾತು ಬಂತು. ಮಂಡಿಯಲ್ಲಿ ನೀರು ಮುಟ್ಟಿಸಿ ತಿಕ್ಕಿ ನೋಡಿದ್ದಾರೆ, ಚೊಗರು ಬಿಟ್ಟು ಬೇರೇನೂ ಇಲ್ಲ. ಈ ಸಲ ಚೊಗರು ಕಾಯಿಸುವ ದಿನ ಹೇಳುತ್ತೇವೆ. ಯಾರು ಬೇಕಾದರೂ ಬಂದು ನೋಡಬಹುದು. ಕಾಫಿಯೂ ಕುಡಿದು ಹೋಗಿ."

ಇವತ್ತು ಸಂಜೆ ಏಳೂವರೆಗೆ ಹಾಕಿದೆ. ನಗುವ ಮುಖ ಹಾಕಿದ್ದ ಇಬ್ಬರಲ್ಲಿ ಒಬ್ಬರು ಕೈ ಮುಗಿದ ಚಿತ್ರ ಕಳಿಸಿದ್ದಾರೆ. ಫೋಟೋ ಹಾಕಿದವರು ಓದಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ಅಪ್ಪಯ್ಯ ಮಲಗುವ ಮೊದಲು ಒಂದು ಸಲ ಫೋನ್ ಕೇಳಿ ಇಸ್ಕೊಂಡು ನೋಡಿದರು.